‘ಫೇಲಾದರು’ ಅನ್ನಬಾರದಂತೆ!

ಕಳೆದ ಮಾರ್ಚಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯನ್ನು ಮಹಿಳಾ ದಿನದ ಭಾಷಣ ಸ್ಪರ್ಧೆಗೆ ತಯಾರು ಮಾಡಿದವಳು ನಾನು. ಒಂಬತ್ತನೇ ಕ್ಲಾಸಿನ ಹುಡುಗಿ. ಅಪ್ಪ ಟೊಮೇಟೊ ಬೆಳೆಯುತ್ತಾನೆ, ಅಮ್ಮ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾಳೆ, ಅಕ್ಕ ಪಿಯುಸಿಯಲ್ಲಿ ಒಂದು ಸಬ್ಜೆಕ್ಟು ಹೋಗಿ ಮನೆಯಲ್ಲಿದ್ದಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ಕ್ಯಾಲನೂರಿಗೆ ಬಂದು ಕೂತವಳಿಗೆ ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ನಾನೂ ಬೇಡ ಅನ್ನುವುದಿಲ್ಲ. ಕೊಟ್ಟಿದ್ದ ವಿಷಯ ‘ಭಾರತದ ಮೊದಲ ಮಹಿಳಾ ವೈದ್ಯೆ’. ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಬಹುಮಾನ ಬರಲಿಲ್ಲ, ಅದಕ್ಕೆ ಬೇಸರವಿಲ್ಲ. ಬೇಸರವಾದದ್ದು ತೀರ್ಪುಗಾರರೊಬ್ಬರು ಆಮೇಲೆ ಅವಳ ತಲೆ ಸವರಿ ಹೇಳಿದ ಮಾತಿಗೆ. ‘ಚೆನ್ನಾಗಿ ಹೇಳ್ದೆಯಮ್ಮ. ಆದ್ರೆ ಅಷ್ಟು ದೊಡ್ಡ ಸಾಧಕಿ ಬಗ್ಗೆ ಮಾತಾಡುವಾಗ ಫೇಲಾದರು ಅಂತ ಹೇಳಬಾರದಿತ್ತು. ನೆಗೆಟಿವ್ ಆಗುತ್ತೆ.’

ಆ ವಾಕ್ಯ ಬರೆದುಕೊಟ್ಟವಳು ನಾನು. ‘ಕಾದಂಬಿನಿ ಗಂಗೂಲಿಯವರು ಎಂ.ಬಿ. ಪರೀಕ್ಷೆಯಲ್ಲಿ ಫೇಲಾದರು’ ಎಂಬ ವಾಕ್ಯ. ಬೇಕೆಂದೇ ಬರೆದದ್ದು. ಅದು ಇರಬೇಕಾಗಿತ್ತು ಎಂದು ಆವತ್ತೂ ಅಂದುಕೊಂಡಿದ್ದೆ, ಈವತ್ತೂ ಅಂದುಕೊಂಡಿದ್ದೇನೆ. ಆ ತೀರ್ಪುಗಾರರು ಒಳ್ಳೆಯ ಮನುಷ್ಯರು. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಬಾಯಲ್ಲಿ ಆ ಮಾತು ಹೇಳಿಸಿದ ನಮ್ಮೆಲ್ಲರ ಚಾಳಿಯ ಮೇಲೆ ಇದೆ.

ಮೊದಲು ಈ ‘ಮೊದಲ’ ಅನ್ನುವ ಪದದ ವಿಚಾರ. ಹುಡುಗಿ ನನ್ನ ಹತ್ತಿರ ಬಂದಾಗ ಅಪ್ಪನ ಫೋನಿನಲ್ಲಿ ಹುಡುಕಿ ಮೂರು ಚೀಟಿ ಬರೆದುಕೊಂಡು ಬಂದಿದ್ದಳು. ಒಂದರಲ್ಲಿ ಆನಂದಿಬಾಯಿ ಜೋಶಿ, ಒಂದರಲ್ಲಿ ಕಾದಂಬಿನಿ ಗಂಗೂಲಿ, ಇನ್ನೊಂದರಲ್ಲಿ ರಖ್ಮಾಬಾಯಿ. ಮೂರಕ್ಕೂ ಒಂದೇ ತಲೆಬರಹ: ಭಾರತದ ಮೊದಲ ಮಹಿಳಾ ವೈದ್ಯೆ. ‘ಮಿಸ್, ಮೊದಲನೇ ರ‍್ಯಾಂಕು ಮೂರು ಜನಕ್ಕೆ ಬರುತ್ತಾ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಗೂಗಲ್‌ನವರು 2017ರ ನವೆಂಬರಿನಲ್ಲಿ ರಖ್ಮಾಬಾಯಿಗೆ, 2018ರ ಮಾರ್ಚಿನಲ್ಲಿ ಆನಂದಿಬಾಯಿಗೆ, 2021ರ ಜುಲೈನಲ್ಲಿ ಕಾದಂಬಿನಿಗೆ ತಮ್ಮ ಮುಖಪುಟದಲ್ಲಿ ಚಿತ್ರ ಬಿಡಿಸಿ ನಮಸ್ಕಾರ ಸಲ್ಲಿಸಿದರು. ಪ್ರತಿ ಸಲವೂ ನನ್ನ ಫೋನಿಗೆ ಬಂದ ಸಂದೇಶಗಳು ಹಳೆಯವಳನ್ನು ಸದ್ದಿಲ್ಲದೆ ಕೆಳಗಿಳಿಸಿ ಹೊಸಬಳನ್ನು ‘ಮೊದಲ’ ಪೀಠಕ್ಕೆ ಹತ್ತಿಸಿದವು. ಮೊದಲು ಕಳಿಸಿದವರೇ ಎರಡನೆಯದನ್ನೂ ಮೂರನೆಯದನ್ನೂ ಕಳಿಸಿದ್ದರು. ಯಾರಿಗೂ ಕಸಿವಿಸಿಯಾಗಲಿಲ್ಲ.

ಹುಡುಗಿಗೆ ಹೇಳಿದೆ: ಮೊದಲು ಯಾರು ಅನ್ನುವುದು ಬಿಡು. ಒಬ್ಬೊಬ್ಬರದೂ ಟಿ.ಸಿ., ಮಾರ್ಕ್ಸ್ ಕಾರ್ಡು ಕೇಳೋಣ. ಯಾವ ಕಾಲೇಜಿಗೆ ಸೇರಿದರು? ಎಷ್ಟು ವರ್ಷ ಓದಿದರು? ಪರೀಕ್ಷೆ ಮಾಡಿದವರು ಯಾರು? ಪಾಸಾದರೆ ಕೈಗೆ ಕೊಟ್ಟ ಕಾಗದದಲ್ಲಿ ಏನೆಂದು ಬರೆದಿತ್ತು? ಮೂವತ್ತು ವರ್ಷ ಅಡ್ಮಿಷನ್ ರಿಜಿಸ್ಟರು ತುಂಬಿದವಳಿಗೆ ಈ ಪ್ರಶ್ನೆಗಳು ಬಾಯಿಪಾಠ. ಸೇರಿದ್ದು ಬೇರೆ, ಓದಿದ್ದು ಬೇರೆ, ಪಾಸಾದದ್ದು ಬೇರೆ. ಆ ಕಾಲದಲ್ಲಂತೂ ಕಲಿಸುವವರು ಒಬ್ಬರು, ಪದವಿ ಕೊಡುವವರು ಇನ್ನೊಬ್ಬರು. ರಖ್ಮಾಬಾಯಿ ಸೇರಿದ ಲಂಡನ್ನಿನ ಹೆಂಗಸರ ವೈದ್ಯಕೀಯ ಶಾಲೆ ಪಾಠ ಹೇಳುತ್ತಿತ್ತು, ಪದವಿ ಕೊಡುತ್ತಿರಲಿಲ್ಲ. ಅದಕ್ಕೆ ಬೇರೆ ಬಾಗಿಲು ತಟ್ಟಬೇಕಿತ್ತು. ‘ಲಂಡನ್ನಿನ ಕಾಲೇಜಿನಿಂದ ಪದವಿ ಪಡೆದರು’ ಎಂದು ಒಂದೇ ಗುಕ್ಕಿನಲ್ಲಿ ಬರೆದುಬಿಟ್ಟರೆ ಆ ಬಾಗಿಲು ತಟ್ಟಿದ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಆನಂದಿಬಾಯಿಯವರದು ಮೂವರಲ್ಲಿ ಹೆಚ್ಚು ಸ್ಪಷ್ಟವಾದ ದಾಖಲೆ. 1883ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಫಿಲಡೆಲ್ಫಿಯಾದಲ್ಲಿ ಓದಿದರು. 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು. ಹಿಂದೂಗಳಲ್ಲಿ ಪ್ರಸೂತಿಯ ಕ್ರಮ ಅವರ ಪ್ರಬಂಧದ ವಿಷಯ. ಹದಿನಾಲ್ಕನೇ ವಯಸ್ಸಿಗೆ ಹೆತ್ತು, ಹತ್ತು ದಿನಕ್ಕೆ ಮಗುವನ್ನು ಕಳೆದುಕೊಂಡ ಹೆಣ್ಣು ಆರಿಸಿಕೊಂಡ ವಿಷಯ ಅದು. ಇಷ್ಟು ಗಟ್ಟಿಯಾದ ದಾಖಲೆಯನ್ನೂ ನಾವು ನೆಟ್ಟಗೆ ಉಳಿಸಿಕೊಂಡಿಲ್ಲ. ಹುಡುಗಿಯ ಚೀಟಿಯಲ್ಲಿ ‘ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ’ ಎಂದಿತ್ತು. ಅಲ್ಲ. ಅವರು ಓದಿದ್ದು ಪೆನ್ಸಿಲ್ವೇನಿಯಾದ ಹೆಂಗಸರ ಮೆಡಿಕಲ್ ಕಾಲೇಜಿನಲ್ಲಿ. 1850ರಲ್ಲಿ ಶುರುವಾದ ಸಂಸ್ಥೆ, ಅದರ ಕಾಗದಪತ್ರಗಳು ಇವತ್ತು ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿವೆ. ಇದರಲ್ಲೇನು ದೊಡ್ಡ ವ್ಯತ್ಯಾಸ ಅನ್ನಬಹುದು. ಇದೆ. ಗಂಡಸರ ಕಾಲೇಜುಗಳು ಬಾಗಿಲು ತೆರೆಯದೇ ಇದ್ದದ್ದಕ್ಕೇ ಹೆಂಗಸರಿಗೊಂದು ಕಾಲೇಜು ಹುಟ್ಟಬೇಕಾಯಿತು. ಆ ಹೆಸರಿನಿಂದ ‘ಹೆಂಗಸರ’ ಅನ್ನುವುದನ್ನು ಅಳಿಸಿ ವಿಶ್ವವಿದ್ಯಾಲಯ ಎಂದು ಬರೆದರೆ ಬಾಗಿಲು ಹಾಕಿಕೊಂಡವರಿಗೇ ಕೀರ್ತಿ ದಾನ ಮಾಡಿದ ಹಾಗಾಯಿತು.

ಅದೇ ಕಾಲೇಜಿನ ಒಂದು ಫೋಟೋ ನೀವೂ ನೋಡಿರುತ್ತೀರಿ. ಪಕ್ಕಪಕ್ಕ ಕೂತ ಮೂವರು ಹೆಂಗಸರು: ಸೀರೆಯಲ್ಲಿ ಆನಂದಿಬಾಯಿ, ಕಿಮೋನೋ ತೊಟ್ಟ ಜಪಾನಿನ ಕೇ ಒಕಾಮಿ, ತನ್ನ ದೇಶದ ಉಡುಪಿನಲ್ಲಿ ಸಿರಿಯಾದ ಸಬತ್ ಇಸ್ಲಾಂಬೂಲಿ. ‘ಮೂರು ದೇಶಗಳ ಮೊದಲ ವೈದ್ಯೆಯರು ಪದವಿ ಪಡೆದ ದಿನ’ ಎಂಬಂಥ ಅಡಿಬರಹ ಅಂಟಿಸಿಕೊಂಡು ಅದು ವರ್ಷಕ್ಕೆ ನಾಲ್ಕು ಸಲ ನನ್ನ ಫೋನಿಗೆ ಬರುತ್ತದೆ. ಫೋಟೋ ತೆಗೆದದ್ದು 1885ರ ಅಕ್ಟೋಬರ್ 10ರಂದು. ಆ ದಿನ ಮೂವರಲ್ಲಿ ಯಾರಿಗೂ ಪದವಿ ಸಿಕ್ಕಿರಲಿಲ್ಲ. ಆನಂದಿಬಾಯಿಗೆ ಐದು ತಿಂಗಳ ಮೇಲೆ ಸಿಕ್ಕಿತು, ಒಕಾಮಿಗೆ 1889ರಲ್ಲಿ, ಇಸ್ಲಾಂಬೂಲಿಗೆ 1890ರಲ್ಲಿ. ಕಾಲೇಜಿನ ಡೀನ್ ಏರ್ಪಡಿಸಿದ್ದ ಸತ್ಕಾರಕೂಟದಲ್ಲಿ ಓದುವ ಹುಡುಗಿಯರು ತೆಗೆಸಿಕೊಂಡ ಫೋಟೋ ಅದು. ನನಗೆ ಹಾಗೆ ನೋಡುವುದೇ ಇಷ್ಟ. ಇಸ್ಲಾಂಬೂಲಿಗೆ ಇನ್ನೂ ಐದು ವರ್ಷ ಬಾಕಿ ಇದೆ. ಆನಂದಿಬಾಯಿಗೆ ಬದುಕೇ ಇನ್ನು ಹದಿನಾರು ತಿಂಗಳಷ್ಟು ಉಳಿದಿದೆ. 1887ರ ಫೆಬ್ರುವರಿ 26ರಂದು ಅವರು ಹೋದರು, ಇಪ್ಪತ್ತೆರಡು ತುಂಬಿರಲಿಲ್ಲ. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿನ ಕೆಲಸ ಕಾಯುತ್ತಿತ್ತು. ಅಡಿಬರಹ ಬರೆದವನಿಗೆ ಇದೆಲ್ಲ ಬೇಡ, ಅವನಿಗೆ ಮೂರು ‘ಮೊದಲ’ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ಸಾಕು.

ಇನ್ನು ಕಾದಂಬಿನಿ. ನಮ್ಮ ಜಗಳ ಶುರುವಾಗುವುದೇ ಇಲ್ಲಿ.

1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಬಿ.ಎ. ಪಡೆದ ಇಬ್ಬರು ಹೆಂಗಸರಲ್ಲಿ ಕಾದಂಬಿನಿ ಒಬ್ಬರು, ಚಂದ್ರಮುಖಿ ಬಸು ಇನ್ನೊಬ್ಬರು. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ, ಕೇಂಬ್ರಿಡ್ಜ್ 1948ರಲ್ಲಿ. ಹಾಗಾಗಿ ಈ ಬಿ.ಎ. ಸಣ್ಣದೇನಲ್ಲ. ಆಮೇಲೆ ಕಲ್ಕತ್ತಾ ಮೆಡಿಕಲ್ ಕಾಲೇಜು. ಅಲ್ಲಿ ಪಾಠಗಳನ್ನೆಲ್ಲ ಮುಗಿಸಿದರು, ಪರೀಕ್ಷೆ ಬರೆದರು, ಒಂದು ವಿಷಯದಲ್ಲಿ ಹೋಯಿತು. ಹೆಂಗಸರು ವೈದ್ಯ ಕಲಿಯುವುದನ್ನು ಸಹಿಸದ ಪರೀಕ್ಷಕರೊಬ್ಬರು ಬೇಕೆಂದೇ ಕೆಡವಿದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ವಿಶ್ವವಿದ್ಯಾಲಯದ ಎಂ.ಬಿ. ಸಿಗಲಿಲ್ಲ. ಕಾಲೇಜು ತನ್ನ ಅಧಿಕಾರದಲ್ಲಿ ಜಿ.ಬಿ.ಎಂ.ಸಿ. ಎಂಬ ಅರ್ಹತಾಪತ್ರ ಕೊಟ್ಟಿತು. ಬಂಗಾಳ ಮೆಡಿಕಲ್ ಕಾಲೇಜಿನ ಪದವೀಧರೆ ಎಂದು ಅದರ ಅರ್ಥ. ರೋಗಿಯನ್ನು ನೋಡಲು ಅದು ಸಾಕು. ಆದರೆ ಎಂ.ಬಿ. ಅಲ್ಲ.

ಈಗ ನೋಡಿ, ನಮ್ಮ ಕೊಂಡಾಟದ ಬರಹಗಳಲ್ಲಿ ಇದು ಏನಾಗುತ್ತದೆ. ಒಂದರಲ್ಲಿ ‘1886ರಲ್ಲಿ ಎಂ.ಬಿ. ಪದವಿ ಪಡೆದರು’. ಇನ್ನೊಂದರಲ್ಲಿ ‘ಎಂ.ಬಿ.ಬಿ.ಎಸ್.’ ಮತ್ತೊಂದರಲ್ಲಿ ‘ವೈದ್ಯಕೀಯ ಪದವಿಯನ್ನು ಉನ್ನತ ಶ್ರೇಣಿಯಲ್ಲಿ’. ಮೂರೂ ಸುಳ್ಳು, ಮೂರೂ ಪ್ರೀತಿಯಿಂದ ಬರೆದ ಸುಳ್ಳು. ಈ ಪ್ರೀತಿಯಿಂದ ಲಾಭವಾದದ್ದು ಯಾರಿಗೆ? ಕಾದಂಬಿನಿಗಲ್ಲ. ಆ ಪರೀಕ್ಷಕನಿಗೆ. ಕೆಡವಿದವನ ಗುರುತನ್ನು ನೂರ ಮೂವತ್ತು ವರ್ಷವಾದ ಮೇಲೆ ನಾವೇ ಒರೆಸಿ ಕೊಟ್ಟೆವು. ಫೇಲಾದರು ಅನ್ನದಿದ್ದರೆ ಫೇಲು ಮಾಡಿದರು ಅನ್ನುವುದೂ ಹೋಯಿತಲ್ಲ!

ಇಸವಿಯ ಕತೆಯೂ ಹೀಗೇ. ಎಲ್ಲ ಕಡೆ ಕಾಣುವುದು 1886. ಆದರೆ ಫ್ಲಾರೆನ್ಸ್ ನೈಟಿಂಗೇಲ್ 1888ರ ಫೆಬ್ರುವರಿ 20ರಂದು ಬರೆದ ಒಂದು ಕಾಗದವಿದೆ. ಈ ಮಿಸೆಸ್ ಗಂಗೂಲಿ ಯಾರು, ಎಂಥವರು, ಲೇಡಿ ಡಫರಿನ್ ಅವರಿಗೆ ಶಿಫಾರಸು ಮಾಡಬಹುದೇ ಎಂದು ಪರಿಚಿತರೊಬ್ಬರಲ್ಲಿ ವಿಚಾರಿಸಿಕೊಳ್ಳುವ ಕಾಗದ. ಅದರ ಪ್ರಕಾರ ಈಕೆ ಮೊದಲ ಪರೀಕ್ಷೆ ಮುಗಿಸಿದ್ದಾರೆ, ಕೊನೆಯ ಪರೀಕ್ಷೆ ಬರುವ ಮಾರ್ಚಿನಲ್ಲಿ. ಬಾಣಂತನಕ್ಕೆ ಬರೀ ಹದಿಮೂರು ದಿನ ರಜ, ಪಾಠ ಒಂದೂ ತಪ್ಪಿಸಿಲ್ಲವಂತೆ ಎಂದು ನೈಟಿಂಗೇಲ್‌ಗೆ ಅಚ್ಚರಿ. 1886ರಲ್ಲೇ ಎಲ್ಲ ಮುಗಿದಿದ್ದರೆ 1888ರಲ್ಲಿ ಕೊನೆಯ ಪರೀಕ್ಷೆ ಎಲ್ಲಿಂದ ಬಂತು? ಎರಡು ದಾಖಲೆ ಒಂದಕ್ಕೊಂದು ಒಗ್ಗುತ್ತಿಲ್ಲ ಎಂದಾದರೆ ಹಾಗೆಂದೇ ಬರೆಯಬೇಕು. ನಾವು ಬರೆಯುವುದಿಲ್ಲ. 1886 ಅಂದರೆ ಆನಂದಿಬಾಯಿಯ ಸರಿಸಮಕ್ಕೆ ಓಟ ಮುಗಿಸಿದ ಹಾಗೆ, 1888 ಅಂದರೆ ಹಿಂದೆ ಬಿದ್ದ ಹಾಗೆ. ಮರಾಠಿಗರು ಗೆದ್ದರೇ ಬಂಗಾಳಿಗಳು ಗೆದ್ದರೇ ಎನ್ನುವ ಪಂದ್ಯಕ್ಕೆ ಯಾವ ಇಸವಿ ಒದಗುತ್ತದೋ ಅದೇ ನಿಜವಾಗುತ್ತದೆ. ಆ ಇಬ್ಬರು ಹೆಂಗಸರು ಒಬ್ಬರ ಜೊತೆ ಒಬ್ಬರು ಓಡಿದ್ದೇ ಇಲ್ಲ. ಅವರ ಎದುರಾಳಿಗಳು ಬೇರೆಯೇ ಇದ್ದರು.

ಇಲ್ಲೊಂದು ಮಾತು ಸೇರಿಸಬೇಕು. ಎಂ.ಬಿ. ಇಲ್ಲ ಎನ್ನುವುದನ್ನು ಎತ್ತಿಕೊಂಡು ‘ಹಾಗಾದರೆ ಆಕೆ ಡಾಕ್ಟರೇ ಅಲ್ಲ ಬಿಡಿ’ ಅನ್ನುವವರೂ ಇದ್ದಾರೆ. ನನ್ನ ತಮ್ಮನ ಮಗನೇ ಅಂದ, ಇಂಜಿನಿಯರು. ಅವನಿಗೆ ನಾನು ಹೇಳಿದ್ದು: ಕಾಗದ ತೋರಿಸು ಎಂದು ಕೇಳುವವರಲ್ಲಿ ಎರಡು ಜಾತಿ. ಒಬ್ಬ ಒಳಗೆ ಬಿಡದಿರುವುದಕ್ಕೆ ಕೇಳುತ್ತಾನೆ. ಇನ್ನೊಬ್ಬ ಒಳಗೆ ಹೇಗೆ ಬಂದೆಯಮ್ಮಾ ಎಂದು ತಿಳಿಯುವುದಕ್ಕೆ ಕೇಳುತ್ತಾನೆ. ಮೊದಲನೆಯವರು ಕಾದಂಬಿನಿಗೆ ಅವರ ಕಾಲದಲ್ಲೇ ಬೇಕಾದಷ್ಟು ಸಿಕ್ಕಿದ್ದರು. ‘ಬಂಗಬಾಸಿ’ ಎಂಬ ಪತ್ರಿಕೆ 1891ರಲ್ಲಿ ಅವರನ್ನು ಸೂಳೆ ಎಂಬರ್ಥ ಬರುವಂತೆ ಸುತ್ತಿ ಬಳಸಿ ಬರೆಯಿತು. ದಂಪತಿಗಳು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸಂಪಾದಕನಿಗೆ ಆರು ತಿಂಗಳು ಜೈಲು, ನೂರು ರೂಪಾಯಿ ದಂಡ ಆಯಿತು. ರೋಗಿ ನೋಡಲು ರಾತ್ರಿ ಗಾಡಿ ಹತ್ತಿ ಹೋಗುವ ಹೆಂಗಸಿನ ಬಗ್ಗೆ ಆಡಿದ ಮಾತಿಗೆ ಜೈಲಾಯಿತು ಎಂಬುದನ್ನು ಹುಡುಗಿಯ ಭಾಷಣಕ್ಕೆ ಹಾಕಲೋ ಬೇಡವೋ ಎಂದು ಯೋಚಿಸಿ ಬಿಟ್ಟೆ. ಈಗ ಅನ್ನಿಸುತ್ತದೆ, ಹಾಕಬೇಕಿತ್ತು.

1893ರಲ್ಲಿ ಮನೆ ತುಂಬ ಮಕ್ಕಳನ್ನು ಬಿಟ್ಟು ಕಾದಂಬಿನಿ ಬ್ರಿಟನ್ನಿಗೆ ಹೋದರು. ಹೋದದ್ದೇಕೆ ಎಂದು ಎಂ.ಬಿ. ಪಾಸಾದ ಕಾದಂಬಿನಿಯ ಕತೆ ಹೇಳುವವರು ವಿವರಿಸಲಾರರು. ‘ಉನ್ನತ ವ್ಯಾಸಂಗಕ್ಕೆ’ ಎಂದು ತೇಲಿಸುತ್ತಾರೆ. ಊರಿನಲ್ಲಿ ಕೊಡದೆ ಉಳಿಸಿಕೊಂಡದ್ದನ್ನು ಹೊರಗಿನಿಂದ ತರಲು ಹೋದರು, ಅಷ್ಟೇ. ಸ್ಕಾಟ್ಲೆಂಡಿನ ಮೂರು ಸಂಸ್ಥೆಗಳು, ಅಂದರೆ ಎಡಿನ್‌ಬರೋದ ವೈದ್ಯರ ಕಾಲೇಜು, ಎಡಿನ್‌ಬರೋದ ಶಸ್ತ್ರವೈದ್ಯರ ಕಾಲೇಜು, ಗ್ಲಾಸ್ಗೋದ ವೈದ್ಯ ಮತ್ತು ಶಸ್ತ್ರವೈದ್ಯರ ಫ್ಯಾಕಲ್ಟಿ, ಇವು ಕೂಡಿ 1884ರಿಂದ ಒಂದೇ ಪರೀಕ್ಷೆ ನಡೆಸುತ್ತಿದ್ದವು. ಪಾಸಾದರೆ ಮೂರರ ಪರವಾನಗಿಯೂ ಸಿಗುತ್ತಿತ್ತು, ಅದಕ್ಕೇ ಅದು ಟ್ರಿಪಲ್ ಕ್ವಾಲಿಫಿಕೇಷನ್. 1886ರಿಂದ ಹೆಂಗಸರಿಗೂ ತೆರೆದಿತ್ತು. ಕಾದಂಬಿನಿ ಅದನ್ನು ಪಾಸು ಮಾಡಿಕೊಂಡು ಬಂದರು. ಈಗ ಹುಡುಗಿ ತಂದ ಚೀಟಿ ನೋಡಿ: ‘ಎಲ್.ಆರ್.ಸಿ.ಪಿ. ಎಡಿನ್‌ಬರೋ, ಎಲ್.ಆರ್.ಸಿ.ಎಸ್. ಗ್ಲಾಸ್ಗೋ, ಜಿ.ಎಫ್.ಪಿ.ಎಸ್. ಡಬ್ಲಿನ್’. ಅಂದರೆ ಎಡಿನ್‌ಬರೋದ ಶಸ್ತ್ರವೈದ್ಯರನ್ನು ಗ್ಲಾಸ್ಗೋಗೆ ವರ್ಗ ಮಾಡಿ, ಗ್ಲಾಸ್ಗೋದವರನ್ನು ಸಮುದ್ರ ದಾಟಿಸಿ ಐರ್ಲೆಂಡಿಗೆ ಕಳಿಸಿದ್ದಾರೆ! ಒಬ್ಬರು ಎಂದೋ ತಪ್ಪಿ ಬರೆದರು, ಮುಂದಿನವರೆಲ್ಲ ಕಣ್ಣು ಮುಚ್ಚಿ ಇಳಿಸಿಕೊಂಡರು. ಮೂರು ಬೇರೆ ಬೇರೆ ಊರು, ಮೂರು ಪದವಿ ಎಂದರೆ ಕಿವಿಗೆ ಇಂಪು. ಪರೀಕ್ಷೆ ಒಂದೇ ಎಂದರೆ ಸಾಧನೆ ಕಡಿಮೆಯಾಗಿಬಿಡುತ್ತದೆ ಎಂಬ ಭಯ. ಕಲ್ಕತ್ತೆಯಲ್ಲಿ ಕೆಡವಿದ ಹೆಂಗಸು ಹಡಗಿನಲ್ಲಿ ಹೋಗಿ ಒಂದೇ ಏಟಿಗೆ ಪಾಸಾಗಿ ಬಂದಳು ಅನ್ನುವುದಕ್ಕಿಂತ ಇನ್ನೇನು ಬೇಕು ಇವರಿಗೆ?

ಎಡಿನ್‌ಬರೋ ಎಂದಾಗ ಇನ್ನೊಂದು ನೆನಪಾಗುತ್ತದೆ. ಅಲ್ಲಿಯ ವಿಶ್ವವಿದ್ಯಾಲಯಕ್ಕೆ 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಸಂಗಡಿಗರು, ಒಟ್ಟು ಏಳು ಹೆಂಗಸರು, ವೈದ್ಯ ಓದಲು ಸೇರಿದ್ದರು. 1870ರ ನವೆಂಬರಿನಲ್ಲಿ ಪರೀಕ್ಷೆಗೆ ಹೋಗುವಾಗ ಗಂಡುಹುಡುಗರು ಗೇಟು ಅಡ್ಡಗಟ್ಟಿ ಕೆಸರೆರಚಿದರು. ಕಡೆಗೂ ಪದವಿ ಕೊಡಲಿಲ್ಲ. 2019ರಲ್ಲಿ ಅದೇ ವಿಶ್ವವಿದ್ಯಾಲಯ ಆ ಏಳು ಮಂದಿಗೆ ಮರಣೋತ್ತರವಾಗಿ ಗೌರವ ಪದವಿ ಕೊಟ್ಟಿತು. ಇಲ್ಲಿ ಗಮನಿಸಬೇಕಾದದ್ದು ‘ಗೌರವ’ ಅನ್ನುವ ಪದ. ‘ಅವರು ಆಗಲೇ ಪಾಸಾಗಿದ್ದರು’ ಎಂದು ಹಳೆಯ ರಿಜಿಸ್ಟರು ತಿದ್ದಲಿಲ್ಲ. ಕೊಡಲಿಲ್ಲ ಎಂಬುದು ಹಾಗೇ ಉಳಿಯಿತು, ಕೊಡಬೇಕಿತ್ತು ಎಂಬುದು ಅದರ ಪಕ್ಕದಲ್ಲಿ ಸೇರಿತು. ನಾವಾಗಿದ್ದರೆ ಏಳೂ ಜನರನ್ನು ಗೋಲ್ಡ್ ಮೆಡಲಿಸ್ಟ್ ಮಾಡಿ ಕೂರಿಸುತ್ತಿದ್ದೆವು.

ಗೋಲ್ಡ್ ಮೆಡಲ್ ಎಂದರೆ ಹೈಮಾವತಿ ಸೇನ್. ಈ ಹೆಸರನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ, ಏಕೆಂದರೆ ಅವರು ಯಾವುದರಲ್ಲೂ ‘ಮೊದಲ’ ಅಲ್ಲ. ಬಾಲವಿಧವೆ. ಕಲ್ಕತ್ತೆಯ ಕ್ಯಾಂಪ್‌ಬೆಲ್ ಮೆಡಿಕಲ್ ಸ್ಕೂಲಿನಲ್ಲಿ ಓದಿ ವಿ.ಎಲ್.ಎಂ.ಎಸ್. ಎಂಬ ಪರವಾನಗಿ ಪಡೆದರು. ದೇಶಭಾಷೆಯಲ್ಲಿ ವೈದ್ಯ ಓದಿದವರಿಗೆ ಕೊಡುತ್ತಿದ್ದ, ಶ್ರೇಣಿಯಲ್ಲಿ ಕೆಳಗಿನ ಕಾಗದ. ಆ ಪರೀಕ್ಷೆಯಲ್ಲಿ ಚಿನ್ನದ ಪದಕ ಅವರಿಗೆ ಬರಬೇಕಾಗಿತ್ತು. ಗಂಡುಹುಡುಗರು ಗಲಾಟೆ ಎಬ್ಬಿಸಿದರು, ಕೊನೆಗೆ ಚಿನ್ನ ಬಿಟ್ಟು ಬೆಳ್ಳಿಗೆ ಒಪ್ಪಬೇಕಾಯಿತು. ಆಮೇಲೆ ಹೂಗ್ಲಿಯ ಕಡೆ ಡಫರಿನ್ ಆಸ್ಪತ್ರೆ ನಡೆಸಿದರು. ತಮ್ಮ ಬದುಕನ್ನು ತಾವೇ ಬಂಗಾಳಿಯಲ್ಲಿ ಬರೆದಿಟ್ಟರು. ನಮ್ಮ ಪಟ್ಟಿಗಳಿಗೆ ಇವರು ಬೇಡ. ವಿ.ಎಲ್.ಎಂ.ಎಸ್. ಎಂದು ಬ್ಯಾನರಿನಲ್ಲಿ ಬರೆದರೆ ಚಪ್ಪಾಳೆ ಬೀಳುವುದಿಲ್ಲ.

ಬಂಗಾಳದ ಮಾತು ಸಾಕು, ನಮ್ಮ ಸೀಮೆಗೆ ಹತ್ತಿರದ್ದು ಮದರಾಸು. ಬಂಗಾರಪೇಟೆಯಲ್ಲಿ, ಆಗ ಅದು ಬೌರಿಂಗ್‌ಪೇಟೆ, ರೈಲು ಹತ್ತಿದರೆ ನೇರ ದಾರಿ. ಕಲ್ಕತ್ತೆಗಿಂತ ಎಂಟು ವರ್ಷ ಮೊದಲೇ, 1875ರಲ್ಲೇ ಮದರಾಸು ಮೆಡಿಕಲ್ ಕಾಲೇಜು ನಾಲ್ವರು ಹೆಂಗಸರನ್ನು ಸೇರಿಸಿಕೊಂಡಿತು. ಅವರಲ್ಲಿ ಮೇರಿ ಶಾರ್ಲೀಬ್ ಒಬ್ಬರು. ಆಮೇಲೆ ಕೃಪಾಬಾಯಿ ಸತ್ಯನಾಥನ್ ಅಲ್ಲಿಗೆ ಸೇರಿದರು, ಆರೋಗ್ಯ ಕೆಟ್ಟು ಒಂದು ವರ್ಷಕ್ಕೇ ಬಿಟ್ಟರು, ಬಿಟ್ಟವರು ಕಾದಂಬರಿ ಬರೆದರು. ಕಲ್ಕತ್ತೆಯಲ್ಲಿ ಸೀಟು ಸಿಗದೆ ಅಬಲಾ ದಾಸ್ 1882ರಲ್ಲಿ ಅಷ್ಟು ದೂರದಿಂದ ಮದರಾಸಿಗೆ ಬಂದರು, ಅವರೂ ಪದವಿಯವರೆಗೆ ಹೋಗಲಾಗಲಿಲ್ಲ. ಮುಂದೆ ಜಗದೀಶಚಂದ್ರ ಬೋಸರನ್ನು ಮದುವೆಯಾದ ಅಬಲಾ ಬೋಸ್ ಇವರೇ. ಸೇರಿ ಬಿಟ್ಟವರನ್ನು ಬಿಟ್ಟವರು ಎಂದೇ ಬರೆಯದೆ ಹೋದರೆ ಆ ಕಾಲೇಜಿನ ಮೆಟ್ಟಿಲು ಎಷ್ಟು ಎತ್ತರ ಇತ್ತು ಎಂದು ನಮ್ಮ ಹುಡುಗಿಯರಿಗೆ ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಬೇರೆಯವರ ಮನೆಯ ಕತೆ ಹೇಳಿದವಳು ನಮ್ಮ ಮನೆಯದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ತಂದೆಯ ಸೋದರತ್ತೆಯೊಬ್ಬರಿದ್ದರು. ಚಿಕ್ಕ ವಯಸ್ಸಿಗೆ ಗಂಡ ಹೋಗಿದ್ದ. ಒಂದು ಮಿಷನ್ ಆಸ್ಪತ್ರೆಯಲ್ಲಿ ಇದ್ದು ಕಲಿತರು. ‘ಈ ಸೀಮೆಗೇ ಮೊದಲ ಲೇಡಿ ಡಾಕ್ಟರು’ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದದ್ದು. ದೊಡ್ಡಮನೆಯ ಪಡಸಾಲೆಯಲ್ಲಿ ಅವರ ಫೋಟೋ ಇದೆ, ಕೆಳಗೆ ಹೆಸರಿನ ಹಿಂದೆ ‘ಡಾ.’ ಇದೆ. ನಾನೂ ಕ್ಲಾಸಿನಲ್ಲಿ ಮಕ್ಕಳಿಗೆ ಎಷ್ಟು ವರ್ಷ ಹೇಳಿಲ್ಲ! ನಿವೃತ್ತಿಯಾದ ವರ್ಷ ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿದಾಗ ಕಾಗದ ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಆದರೆ ಓದಲು ಬರುತ್ತಿತ್ತು. ಮಿಡ್‌ವೈಫ್. ಸೂಲಗಿತ್ತಿ ಕೆಲಸದಲ್ಲಿ ತರಬೇತಿ ಪಡೆದು ಪಾಸಾದವರು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿತ್ತು. ಅಷ್ಟೇ.

ಸುಳ್ಳು ಹೇಳಲಾರೆ, ಮೊದಲು ನನಗೆ ಏನೋ ಕಳೆದುಕೊಂಡ ಹಾಗಾಯಿತು. ಕಾಗದವನ್ನು ಮತ್ತೆ ಟ್ರಂಕಿಗೆ ಹಾಕಿ ಒಂದು ವಾರ ಸುಮ್ಮನಿದ್ದೆ. ಆಮೇಲೆ ದೊಡ್ಡಪ್ಪನ ಮಗನಿಗೆ ಹೇಳಿದೆ. ‘ಸತ್ತೋರ ಮರ್ಯಾದೆ ಯಾಕಕ್ಕ ಕಳೀತೀಯ’ ಅಂದ. ಮರ್ಯಾದೆ ಯಾರದು ಕಳೆಯಿತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆಯಮ್ಮ ತಾನು ಡಾಕ್ಟರು ಎಂದು ಎಲ್ಲೂ ಹೇಳಿಕೊಂಡ ಹಾಗಿಲ್ಲ. ಟ್ರಂಕಿನಲ್ಲಿ ಕಾಗದವನ್ನು ಜೋಪಾನ ಮಾಡಿದ್ದರು. ‘ಡಾ.’ ಅಂಟಿಸಿದವರು ನಾವು. ಮಿಡ್‌ವೈಫ್ ಎಂದರೆ ನಮಗೆ ಸಾಲಲಿಲ್ಲ. ಹೆರಿಗೆ ಮಾಡಿಸುವವಳನ್ನು ಊರು ಹೊಸಲಿನ ಆಚೆ ನಿಲ್ಲಿಸಿ ಅಕ್ಕಿ ಕೊಟ್ಟು ಕಳಿಸುತ್ತಿತ್ತಲ್ಲ, ಆ ಕೀಳರಿಮೆ ನಮ್ಮದು, ಅವರದಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೋಡಿ. ಶಾಲೆಯ ಮುಖ ಕಾಣದ ಹೆಂಗಸು. ಸಾವಿರಾರು ಹೆರಿಗೆ, ಬಿಡಿಗಾಸು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಮುಂಚೆಯೇ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಒಳ್ಳೆಯದೇ. ಆದರೆ ಅವರ ಊರಿನವರು, ನಾಡಿನವರು ಅವರ ಹೆಸರಿನಿಂದ ಸೂಲಗಿತ್ತಿ ಅನ್ನುವುದನ್ನು ತೆಗೆದುಹಾಕಲಿಲ್ಲ, ನೋಡಿ. ಅಲ್ಲಿ ಯಾರಿಗೂ ನಾಚಿಕೆಯಾಗಲಿಲ್ಲ.

‘ಇಷ್ಟು ಓದಿ ಬರೆಯುವ ಹೆಂಗಸರೇ ಹೆಂಗಸರ ಸಾಧನೆಯಲ್ಲಿ ಕೊಂಕು ಹುಡುಕಿದರೆ ಹೇಗೆ ಮೇಡಂ’ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು. ಗಂಡಸರ ವಿಷಯದಲ್ಲಿ ಯಾರೂ ಇಷ್ಟು ಜಾಲಾಡುವುದಿಲ್ಲವಲ್ಲ ಎಂದೂ ಅಂದರು. ಆ ಎರಡನೆಯ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಗಂಡಸರನ್ನು ಜಾಲಾಡಬೇಕಾಗಿಯೇ ಬರುವುದಿಲ್ಲ. ಅವರ ಹಾಜರಿ ಪುಸ್ತಕ, ಅಂಕಪಟ್ಟಿ, ಸಂಬಳದ ಚೀಟಿ ಎಲ್ಲ ಕಚೇರಿಯಲ್ಲೇ ಭದ್ರವಾಗಿ ಉಳಿಯುತ್ತವೆ. ಹೆಂಗಸರದು ಟ್ರಂಕಿನಲ್ಲಿ ಉಳಿಯುತ್ತದೆ. ಟ್ರಂಕು ಗುಜರಿಗೆ ಹೋದರೆ ಅಲ್ಲಿಗೆ ಮುಗಿಯಿತು, ಆಮೇಲೆ ಉಳಿಯುವುದು ನಾವು ಕಟ್ಟಿದ ಹಾಡು ಮಾತ್ರ. ಹಾಡನ್ನು ಸುಳ್ಳು ಎಂದು ಒಂದು ದಿನ ಯಾರೋ ತೋರಿಸುತ್ತಾರೆ, ಆಗ ನಿಜವಾದದ್ದೂ ಜೊತೆಗೇ ಕೊಚ್ಚಿಹೋಗುತ್ತದೆ. ಕಾದಂಬಿನಿಯ ಎಂ.ಬಿ. ಸುಳ್ಳು ಎಂದು ಗೊತ್ತಾದ ಕೂಡಲೇ ನನ್ನ ತಮ್ಮನ ಮಗ ಡಾಕ್ಟರೇ ಅಲ್ಲ ಅಂದನಲ್ಲ, ಹಾಗೆ.

ಸ್ಪರ್ಧೆ ಮುಗಿಸಿ ಬಂದ ಸಂಜೆ ಹುಡುಗಿ ಏನೂ ಬೇಜಾರು ಮಾಡಿಕೊಂಡಿರಲಿಲ್ಲ. ಅವಳಿಗಿಂತ ಹೆಚ್ಚು ಅವಳ ಅಕ್ಕ ಅದರ ಬಗ್ಗೆ ವಿಚಾರಿಸಿದಳು. ಕಾಂಪೌಂಡಿನ ಆಚೆ ನಿಂತು ಬಟ್ಟೆ ಹಿಂಡುತ್ತಾ ಕೇಳಿದಳು. ‘ನಿಜವಾಗ್ಲೂ ಫೇಲಾಗಿದ್ರಾ ಮಿಸ್ ಅವ್ರು? ಒಂದೇ ಸಬ್ಜೆಕ್ಟಾ?’ ಹೌದು ಅಂದೆ. ‘ಆಮೇಲೆ ಮದುವೆ ಮಾಡಿಬಿಟ್ರಾ?’ ಮದುವೆ ಮೊದಲೇ ಆಗಿತ್ತು, ಮಕ್ಕಳೂ ಇದ್ದವು, ಓದಿದ್ದು ಅದರ ಜೊತೆಗೇ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸಪ್ಲಿಮೆಂಟರಿಗೆ ಫೀಸು ಕಟ್ಟಲು ಕೊನೇ ದಿನ ಯಾವತ್ತು ಎಂದು ಫೋನಿನಲ್ಲಿ ನೋಡಿ ಹೇಳಿ ಅಂದಳು.

ಪಡಸಾಲೆಯ ಫೋಟೋದ ಕೆಳಗೆ ‘ಡಾ.’ ಹಾಗೇ ಇದೆ. ಕಾಗದದ ಫೋಟೋ ತೆಗೆದು ದೊಡ್ಡಪ್ಪನ ಮಗನಿಗೆ ಕಳಿಸಿದ್ದೆ, ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾದ. ಟ್ರಂಕಿನಲ್ಲಿ ಕಾಗದದ ಜೊತೆ ಒಂದು ನೋಟುಬುಕ್ಕೂ ಇತ್ತು. ಈ ಕಡೆಯ ಹಳಬರಲ್ಲಿ ಅನೇಕರ ಹಾಗೆ ಅವರು ಬರೆಯುತ್ತಿದ್ದುದು ತೆಲುಗಕ್ಷರದಲ್ಲಿ. ಊರು, ಮನೆಯವನ ಹೆಸರು, ಗಂಡೋ ಹೆಣ್ಣೋ, ಒಂದೊಂದು ಹೆರಿಗೆಗೆ ಒಂದೊಂದು ಸಾಲು. ಮೊನ್ನೆ ಹುಡುಗಿಯನ್ನು ಕೂರಿಸಿಕೊಂಡು ಎಣಿಸಲು ಶುರು ಮಾಡಿದೆವು, ನಾನು ಓದುವುದು ಅವಳು ಗೆರೆ ಹಾಕುವುದು. ಕೆಲವು ಸಾಲುಗಳ ಪಕ್ಕ ಸಣ್ಣದಾಗಿ ಒಂದು ಸೊನ್ನೆ ಇತ್ತು. ಅದೇನು ಎಂದು ಕೇಳಿದಳು. ಆ ಮಗು ಉಳಿಯಲಿಲ್ಲ ಅಂತ ಇರಬೇಕು ಅಂದೆ. ಅವನ್ನೂ ಎಣಿಸಬೇಕಾ ಎಂದು ಕೇಳಿದಳು. ಬೇರೆ ಕಾಲಂ ಹಾಕಿಕೋ ಅಂದೆ. ಇನ್ನೂರ ನಲವತ್ತರವರೆಗೆ ಬಂದಿದ್ದೇವೆ, ಪುಸ್ತಕ ಇನ್ನೂ ಅರ್ಧ ಇದೆ.